ಲೋಟದ ಮೇಲಿನ ಬಿಳುಪು

...ಅಲ್ಲಲ್ಲ, ಆ ಜಾಲರಿ ತೆಗೆಯೋದೇ ಬೇಡ. ನಾನೇ ಬೆಳಿಗ್ಗೆ ತೆಗೆದು, ಹಳೇ ಹಲ್ಲುಜ್ಜೋ ಬ್ರಷ್ಷಲ್ಲಿ ಉಜ್ಜಿ ಹಾಕಿದೀನಿ. ಒಂದು ತೂತೂ ಬಿಟ್ಟಿಲ್ಲ. ಆಯ್ತು ಬಿಡು, ತೆಗಿ. ಪಾತ್ರೆ ತೊಳೆಯೋ ಮಷಿನ್ ರಿಪೇರಿ ಮಾಡೋನು ನೀನು, ನಾನು ಸ್ಕೂಲ್ ವ್ಯಾನ್ ಓಡಿಸೋನು. ಭಾವ ಅಂತ ಮುಲಾಜು ನೋಡ್ಬೇಡ, ತಪ್ಪಿದ್ರೆ ಬಾಯಿಬಿಟ್ಟು ಹೇಳು... ಯಾಕೆ ನಗ್ತೀಯ? ಹೋದ ಸಲ ಹೇಳಿದ್ದಕ್ಕೆ ಮಾತು ಬಿಟ್ಟಿದ್ದೆ ಅಂತಾನಾ? ಅದು ಬೇರೆ ವಿಷಯ.

ಈಗ ಈ ಲೋಟ ನೋಡು. ಗಾಜು ಅಂತಾರಾ ಇದನ್ನ? ಹಾಲು ಕುಡಿದು ತೊಳೀದೆ ಇಟ್ಟ ಹಾಗಿದೆ. ಒಳಗೂ ಬಿಳುಪು, ಹೊರಗೂ ಬಿಳುಪು. ನಾನೇನು ಕೈ ಕಟ್ಕೊಂಡು ಕೂತಿಲ್ಲಪ್ಪ. ಉಪ್ಪು ತುಂಬಿಸ್ದೆ. ಅಡುಗೆ ಉಪ್ಪಲ್ಲ, ಮಷಿನ್ನಿಗೆ ಅಂತಾನೇ ದಪ್ಪ ಹರಳಿಂದು ಬರುತ್ತಲ್ಲ, ಅದು. ಹೊಳಪು ಬರೋಕೆ ಹಾಕ್ತಾರಲ್ಲ, ಆ ನೀಲಿ ನೀರು, ಅದನ್ನೂ ಹಾಕ್ದೆ. ಸೋಪಿನ ಪುಡಿ ಕಮ್ಮಿ ಮಾಡ್ದೆ, ಜಾಸ್ತಿ ಮಾಡ್ದೆ, ಆಮೇಲೆ ಪುಡೀನೇ ಬದಲಾಯಿಸ್ದೆ. ಖಾಲಿ ಮಷಿನ್ನಲ್ಲಿ ವಿನೆಗರ್ ಇಟ್ಟು ಓಡಿಸ್ದೆ. ಮನೆಯೆಲ್ಲಾ ಹುಳಿ ನಾತ, ನಿಮ್ಮಕ್ಕ ದಿನವಿಡೀ ಮೂಗು ಮುಚ್ಕೊಂಡೇ ಓಡಾಡಿದ್ಲು. ಬಿಳುಪು ಮಾತ್ರ ಜಪ್ಪಯ್ಯ ಅಂದ್ರೂ ಹೋಗ್ಲಿಲ್ಲ.

ನಿಮ್ಮಕ್ಕನ ಕಥೆ ಕೇಳ್ಲೇಬೇಡ. ಲೋಟ ತೋರಿಸಿದ್ರೆ "ಚೆನ್ನಾಗೇ ಇದೆಯಲ್ರೀ" ಅಂತಾಳೆ. ಅದರಲ್ಲೇ ಗಟಗಟ ನೀರು ಕುಡೀತಾಳೆ. ಒಂದ್ಸಲ ಕಣ್ಣು ತೋರಿಸ್ಕೊಳ್ಳೇ ಮಹರಾಯ್ತಿ ಅಂದ್ರೆ ನನ್ನನ್ನೇ ದುರುಗುಟ್ಕೊಂಡು ನೋಡಿದ್ಲು... ನೋಡಿದ್ಲು ಅನ್ಸುತ್ತೆ.

ಏನಂತೆ, ಆ ನೀರು ಚಿಮ್ಮೋ ರೆಕ್ಕೆ? ಸರಿಯಾಗಿ ತಿರುಗ್ತಿದೆಯಾ? ತೂತು ಕಟ್ಕೊಂಡಿಲ್ವಾ? ಇನ್ನೊಂದ್ಸಲ ನೋಡು. ನೀರು ಬಿಸಿ ಆಗ್ತಿಲ್ವೇನೋ... ಆಗ್ತಿದೆಯಾ. ಎಲ್ಲೋ ಒಂದು ಕಡೆ ಕೆಟ್ಟಿರ್ಲೇಬೇಕು ಕಣಪ್ಪಾ. ಕೆಟ್ಟಿದೆ ಅಂತ ನೀನು ಒಂದು ಮಾತು ಹೇಳ್ಬಿಟ್ರೆ ನನಗೆ ನೆಮ್ಮದಿ, ಬೇಕಾದ್ರೆ ಹೊಸ ಮಷಿನ್ನೇ ತರೋಣ... ಏನು, ಕೆಲಸ ಯಾಕೆ ನಿಲ್ಲಿಸ್ದೆ?

ಎಲ್ಲಿಗೆ ಹೊರಟೆ? ಹಾಂ, ಕಿಟಕಿ ಹತ್ರ ಹೋಗಿ ಬೆಳಕಿಗೆ ಹಿಡಿ, ಆಗ ನಿನಗೇ ಗೊತ್ತಾಗುತ್ತೆ. ಆ ರಟ್ಟಿನ ಡಬ್ಬಿ ಯಾಕೆ ಬಿಚ್ತಿದೀಯ? ಅದು ಹೊಸ ಲೋಟ. ಇದೇ ಥರದ್ದು, ನಿನ್ನೆ ತಂದೆ, ಮಷಿನ್ನಿಗೆ ಹಾಕೇ ಇಲ್ಲ. ಹಳೇದೂ ಹೊಸದೂ ಎರಡೂ ನನ್ನ ಕೈಗೆ ಯಾಕೆ ಕೊಡ್ತೀಯ... ಓ. ಯಾವುದು ಯಾವುದು ಅಂತ ನಾನು ಹೇಳ್ಬೇಕಾ? ಅದೇನು ದೊಡ್ಡ ವಿಷಯ. ಇದು, ಈ ಎಡಗೈಯಲ್ಲಿರೋದು ಮಷಿನ್ನಿಂದು. ಎಷ್ಟು ಮಬ್ಬಾಗಿದೆ ನೋಡು. ಬಲಗೈದೂ ಮಬ್ಬೇ, ಆದ್ರೆ ಎಡಗೈದು ಇನ್ನೂ ಜಾಸ್ತಿ... ಇದರ ತಳದಲ್ಲಿ ಏನಿದು? ಏನೋ ಅಂಟಿದೆ. ಚೀಟಿ... ಅಂಗಡಿ ಚೀಟಿ.

ಏನಾದ್ರೂ ಅನ್ನು. ಸಂಜೆ ಬೆಳಕು ಸಾಲದು ಅನ್ನು. ಕನ್ನಡಕ ಬದಲಾಯಿಸು ಭಾವ ಅನ್ನು.

ಹೂಂ... ಹೋಗಿದ್ದೆ. ಕಣ್ಣಿನ ಡಾಕ್ಟರ ಹತ್ರ. ನಿಮ್ಮಕ್ಕನಿಗೆ ಗೊತ್ತಿಲ್ಲ. ಪೊರೆ ಬಂದಿದ್ರೆ ತೆಗೀಬಹುದಿತ್ತಂತೆ, ಇದು ಅದಲ್ವಂತೆ. ಹೋದದ್ದು ವಾಪಸ್ ಬರಲ್ವಂತೆ. ಇನ್ಮೇಲೆ ಗಾಡಿ ಮುಟ್ಬೇಡಿ ಅಂದ್ರು. ಗಾಡಿ ಮುಟ್ಟದೆ ನಾನೇನು ಮಾಡ್ಲಿ ಹೇಳು, ನನಗೆ ಬರೋದು ಅದೊಂದೇ. ಮನೆಗೆ ಬಂದೆ, ಬಾಯಾರಿತ್ತು, ಲೋಟ ತಗೊಂಡೆ... ಮಬ್ಬು. ಮಷಿನ್ನೇ ಕೆಟ್ಟಿದ್ರೆ ಡಾಕ್ಟರು ಹೇಳಿದ್ದು ಸುಳ್ಳಾಗುತ್ತಲ್ಲ ಅಂತ... ಹುಚ್ಚು, ಗೊತ್ತು ನನಗೆ. ಭಯ ಆಗುತ್ತಪ್ಪ. ತುಂಬಾ ಭಯ ಆಗುತ್ತೆ.

ಆದ್ರೆ ಇವತ್ತಿನವರೆಗೂ ಒಂದು ಮಗೂಗೂ ಒಂದು ಗೀರು ಬಿದ್ದಿಲ್ಲ. ನಿಧಾನಕ್ಕೇ ಹೋಗ್ತೀನಿ. ದಾರಿ ಎಲ್ಲಾ ಬಾಯಿಪಾಠ. ಎಲ್ಲಿ ತಿರುವು, ಎಲ್ಲಿ ಹಳ್ಳ, ಎಲ್ಲಾ... ಹಾಗೆ ನೋಡ್ಬೇಡ. ನಿನ್ನ ಮುಖ ಸರಿಯಾಗಿ ಕಾಣಲ್ಲ, ಆದ್ರೂ ನೋಡ್ತಿದೀಯ ಅಂತ ಗೊತ್ತಾಗುತ್ತೆ.

ಬಾಯಿಬಿಟ್ಟು ಕೇಳ್ಬಾರ್ದಾ? ಸಿಗ್ನಲ್ಲಲ್ಲಿ ಏನು ಮಾಡ್ತೀಯ ಅಂತ ತಾನೇ?

ಬಿಸಿಲಲ್ಲಿ ಯಾವ ದೀಪ ಹತ್ತಿದೆ ಅಂತ ನನಗೆ ತಿಳಿಯಲ್ಲ, ನಿಜ. ನಿನ್ನ ಮಗಳು ಮುಂದಿನ ಸೀಟಲ್ಲಿ, ನನ್ನ ಪಕ್ಕದಲ್ಲೇ ಕೂರ್ತಾಳಲ್ಲ... ಕೆಂಪು ಬಂತು ಮಾಮ, ಹಸಿರು ಬಂತು ಮಾಮ ಅಂತ ಅವಳೇ ಕೂಗೋದು. ಅವಳಿಗೆ ಅದೊಂದು ಆಟ. ನಾನೇ ಕಲಿಸಿದ್ದು.