ಔಷಧಿಯ ಮೇಲೆ ಬಿದ್ದ ಬೆಳಕು

ಮಾನ್ಯ ಅಧ್ಯಕ್ಷರೇ, ಪ್ರಾಂಶುಪಾಲರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಕುರ್ಚಿ ಸಿಕ್ಕಿ ಕುಳಿತಿರುವ ಹಾಗೂ ಸಿಗದೆ ಗೋಡೆಗೆ ಒರಗಿ ನಿಂತಿರುವ ಸಭಿಕರೇ, ಎಲ್ಲರಿಗಿಂತ ಮುಖ್ಯವಾಗಿ ವಿಜ್ಞಾನ ಸಂಘದ ವಿದ್ಯಾರ್ಥಿಗಳೇ,

ನಿಮ್ಮ ವಾರ್ಷಿಕೋತ್ಸವಕ್ಕೆ ನನ್ನನ್ನು ಕರೆದು, ‘ಬೆಳಕಿನ ಚದುರುವಿಕೆ: ಶೋಧ ಮತ್ತು ಉಪಯೋಗ’ ಎಂಬ ವಿಷಯ ಕೊಟ್ಟಿದ್ದೀರಿ. ಪ್ರಾಂಶುಪಾಲರು ಫೋನಿನಲ್ಲಿ, “ಮೇಡಂ, ಸರಳವಾಗಿರಲಿ, ಚಿಕ್ಕದಾಗಿರಲಿ” ಎಂದರು. ಸರಳವಾಗಿ ಹೇಳಲು ಪ್ರಯತ್ನಿಸುತ್ತೇನೆ. ಚಿಕ್ಕದಾಗಿ ಹೇಳಬೇಕೆಂದಿದ್ದರೆ, ಜೀವನವಿಡೀ ಪಾಠ ಮಾಡಿದವಳನ್ನು ಕರೆಯಬಾರದಿತ್ತು.

ಮುಚ್ಚಿದ ಕಿಟಕಿಯ ಸಂದಿಯಿಂದ ಬಿಸಿಲು ಒಳಗೆ ಬರುವುದನ್ನು ನೀವೆಲ್ಲ ನೋಡಿದ್ದೀರಿ. ಆ ಬಿಸಿಲ ಕೋಲು ಪಕ್ಕದಲ್ಲಿ ನಿಂತವರಿಗೂ ಕಾಣುತ್ತದಲ್ಲ, ಹೇಗೆ? ಗಾಳಿಯಲ್ಲಿರುವ ಧೂಳಿನ ಕಣಗಳಿಗೆ ತಾಗಿ ಬೆಳಕು ಸುತ್ತಲೂ ಚದುರುವುದರಿಂದ. ಆಕಾಶ ನೀಲಿ ಏಕೆ? ಗಾಳಿಯ ಅಣುಗಳು ಕೆಂಪಿಗಿಂತ ನೀಲಿಯನ್ನು ಹೆಚ್ಚು ಚದುರಿಸುವುದರಿಂದ. ಹಾಗಾದರೆ ಕಡಲು ನೀಲಿ ಏಕೆ? ಆಕಾಶದ ಪ್ರತಿಬಿಂಬ ಬಿದ್ದು ಎಂದು ದೊಡ್ಡ ದೊಡ್ಡವರೇ ಹೇಳುತ್ತಿದ್ದರು. ಸುಮಾರು ನೂರು ವರ್ಷದ ಹಿಂದೆ ಹಡಗಿನಲ್ಲಿ ಹೊರಟ ಒಬ್ಬ ವಿಜ್ಞಾನಿ ಆ ಮಾತನ್ನು ಒಪ್ಪಲಿಲ್ಲ. ಊರಿಗೆ ಮರಳಿ, ನೀರು, ಗಾಜು, ಹರಳು, ಸಿಕ್ಕಿದ್ದರ ಮೂಲಕವೆಲ್ಲ ಬೆಳಕು ಹಾಯಿಸಿ ನೋಡುತ್ತಾ ಹೋದರು. ಕೊನೆಗೆ ಸಿಕ್ಕಿದ್ದೇನು? ಚದುರಿದ ಬೆಳಕು ಬಹುಮಟ್ಟಿಗೆ ಬಂದ ಬಣ್ಣದಲ್ಲೇ ಹೊರಬರುತ್ತದೆ. ಆದರೆ ಅದರಲ್ಲಿ ಎಳ್ಳಷ್ಟು, ಎಳ್ಳಿಗಿಂತಲೂ ಎಷ್ಟೋ ಕಡಿಮೆ, ಬಣ್ಣ ಬದಲಿಸಿಕೊಂಡು ಬರುತ್ತದೆ. ಆ ಬದಲಾವಣೆ ಒಂದೊಂದು ವಸ್ತುವಿಗೆ ಒಂದೊಂದು ಬಗೆ. ಸಕ್ಕರೆಯದು ಬೇರೆ, ಸುಣ್ಣದ್ದು ಬೇರೆ. ಅಂದರೆ ಮುಟ್ಟದೆ, ಕರಗಿಸದೆ, ಬರೀ ಬೆಳಕು ಬಿಟ್ಟು ‘ನೀನು ಯಾರು?’ ಎಂದು ವಸ್ತುವನ್ನೇ ಕೇಳಬಹುದು.

ಇದು ಶೋಧದ ಮಾತಾಯಿತು. ಇನ್ನು ಉಪಯೋಗ.

ನನ್ನ ಅಣ್ಣನಿಗೊಂದು ಔಷಧಿ ಅಂಗಡಿ ಇತ್ತು. ಅಪ್ಪ ಅಮ್ಮ ಬೇಗ ಹೋದರು. ಅಣ್ಣ ಮದುವೆಯಾಗಲಿಲ್ಲ; ಅಂಗಡಿ ನಡೆಸಿ ನನ್ನನ್ನು ಓದಿಸಿದ. ಮಹಡಿಯ ಮೇಲೆ ನಮ್ಮ ಮನೆ. ನಾನು ಭೌತಶಾಸ್ತ್ರ ಆರಿಸಿಕೊಂಡಾಗ, “ಅದರಿಂದ ಜ್ವರ ಬಿಡುತ್ತೇನೇ ಪುಟ್ಟಿ?” ಎಂದು ರೇಗಿಸಿದ್ದ. ತಲೆ ನರೆತ ಮೇಲೂ ಅವನಿಗೆ ನಾನು ಪುಟ್ಟಿಯೇ.

ಅಂಗಡಿಯ ಎದುರಿಗೆ ಒಬ್ಬಳು ಹೊಲಿಗೆಯಾಕೆ. ಗಂಡನಿಲ್ಲ, ಒಬ್ಬಳೇ ಮಗಳು. ಆ ಹುಡುಗಿ ಶಾಲೆ ಬಿಟ್ಟೊಡನೆ ನಮ್ಮ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಖಾಲಿ ಔಷಧಿ ಡಬ್ಬಿಗಳಲ್ಲಿ ಮನೆ ಕಟ್ಟುತ್ತಿದ್ದಳು. ಒಮ್ಮೆ ಅವಳಿಗೆ ಎದೆ ಕಟ್ಟಿ ಜ್ವರ ಬಂತು. ವೈದ್ಯರು ನ್ಯುಮೋನಿಯಾ ಎಂದರು. ಮಕ್ಕಳಿಗೆ ನೀರಿನಲ್ಲಿ ಕಲಸಿ ಕುಡಿಸುತ್ತಾರಲ್ಲ, ಆ ಪುಡಿಯ ಔಷಧಿ ಬರೆದುಕೊಟ್ಟರು. ಅಣ್ಣನೇ ಬಾಟಲಿ ಕೊಟ್ಟು, ಎಷ್ಟು ನೀರು, ಎಷ್ಟು ಹೊತ್ತಿಗೊಮ್ಮೆ ಎಂದು ಎರಡೆರಡು ಸಲ ಹೇಳಿದ. ತಾಯಿ ಹಾಗೆಯೇ ಕುಡಿಸಿದಳು. ಜ್ವರ ಇಳಿಯಲಿಲ್ಲ. ಆಸ್ಪತ್ರೆಗೆ ಸಾಗಿಸುವಷ್ಟರಲ್ಲಿ ತಡವಾಗಿತ್ತು.

ಕೆಲವು ದಿನಗಳಾದ ಮೇಲೆ ಆ ತಾಯಿ ಅಂಗಡಿಗೆ ಬಂದಳು. ಕೂಗಾಡಲಿಲ್ಲ, ಅಳಲೂ ಇಲ್ಲ.

“ಅಣ್ಣ, ನೀರು ಜಾಸ್ತಿ ಹಾಕ್ಬಿಟ್ನಾ ಅಂತ. ನೀವು ಬಾಟ್ಲಿ ಮೇಲಿನ ಗೀಟಿನ ತನಕ ಅಂದ್ರಿ. ನಾನು ಗೀಟು ನೋಡಿಯೇ ಹಾಕಿದ್ದು. ಆದ್ರೂ, ಒಂದು ಚೂರು ಮೇಲೆ ಹೋಯ್ತೇನೋ.”

ಅಣ್ಣ, “ಒಂದು ಚೂರಿಗೆ ಏನೂ ಆಗಲ್ಲಮ್ಮ” ಎಂದ. ಅವಳು ತಲೆಯಾಡಿಸಿ ಹೋದಳು. ಮರುದಿನ ಮತ್ತೆ ಬಂದಳು. ಅದೇ ಪ್ರಶ್ನೆ. ಅದರ ಮರುದಿನವೂ ಬಂದಳು.

ಆಗ ಅಣ್ಣ ಅದೇ ಬ್ಯಾಚಿನ, ಇನ್ನೂ ಒಡೆಯದ ಬಾಟಲಿಯೊಂದನ್ನು ಹಿಡಿದು ನನ್ನ ಪ್ರಯೋಗಾಲಯಕ್ಕೆ ಬಂದ. “ನಿನ್ನ ಬೆಳಕಿನ ಯಂತ್ರದಲ್ಲಿ ಇದನ್ನ ನೋಡು ಪುಟ್ಟಿ. ಔಷಧಿ ಸರಿ ಇತ್ತು ಅಂತ ಗೊತ್ತಾದ್ರೆ ನನಗೂ ಒಂದು ನೆಮ್ಮದಿ” ಎಂದ. ತಾನೇ ಮುಚ್ಚಳ ಒಡೆದು, ಗಾಜಿನ ಫಲಕದ ಮೇಲೆ ಪುಡಿ ಸುರಿದ. ನಾನು ಬೆಳಕು ಬಿಟ್ಟೆ. ಪರದೆಯ ಮೇಲೆ ಗೆರೆ ಮೂಡಿತು.

ಪಿಷ್ಟ. ಸಕ್ಕರೆ. ಇಷ್ಟೇ.

ಔಷಧಿಯ ಗೆರೆ ಎಲ್ಲಿ ಏಳಬೇಕೋ ಅಲ್ಲಿ ಏನೂ ಇರಲಿಲ್ಲ. ಬೇರೆ ಬೇರೆ ಚಿಟಿಕೆ ತೆಗೆದು ನೋಡಿದೆ. ಅಣ್ಣನಿಗೆ ಆ ಗೆರೆಗಳನ್ನು ಓದಲು ಬರುತ್ತಿರಲಿಲ್ಲ, ಸಭಿಕರೇ. ಅವನು ನೋಡುತ್ತಿದ್ದದ್ದು ನನ್ನ ಮುಖವನ್ನು.

“ಏನಂತೆ?”

ಹೇಳಿದೆ.

ಅವನು ಬಾಟಲಿಯ ಮೇಲಿನ ಚೀಟಿಯನ್ನು ಮತ್ತೊಮ್ಮೆ ಓದಿದ. ಆಮೇಲೆ, “ಹಾಗಾದ್ರೆ ಅವಳಿಗೆ ಹೇಳ್ಬೇಕು” ಎಂದ. ನಾನು ತಡೆದೆ. ಮೊದಲು ಅಧಿಕಾರಿಗಳಿಗೆ ತಿಳಿಸೋಣ, ಅವರೇ ಹೇಳಲಿ ಎಂದೆ. “ಅಧಿಕಾರಿಗಳಿಗೆ ನೀನು ಹೇಳು. ಔಷಧಿ ಕೊಟ್ಟವನು ನಾನು” ಎಂದು ಎದ್ದ. ಸಂಜೆ ರಸ್ತೆ ದಾಟಿ ಅವಳ ಬಾಗಿಲಿಗೆ ಹೋದ. ನಾನು ಹಿಂದೆಯೇ ಹೋದೆ.

“ತಪ್ಪು ನಿಂದಲ್ಲಮ್ಮ. ನೀರೂ ಸರಿ, ಅಳತೆಯೂ ಸರಿ. ನಾನು ಕೊಟ್ಟದ್ದರಲ್ಲಿ ಔಷಧಿಯೇ ಇರ್ಲಿಲ್ಲ.”

ಅವಳು ಹೊಲಿಗೆ ಯಂತ್ರದ ಚಕ್ರವನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿಸಿಕೊಂಡಳು. ಮಗಳು ಹೋದ ಮೇಲೆ ಮೊದಲ ಬಾರಿಗೆ ಗೋಳೋ ಎಂದು ಅತ್ತಳು. ಅಣ್ಣ ಹೊಸ್ತಿಲಾಚೆಯೇ ನಿಂತಿದ್ದ. ಒಳಗೆ ಬಾ ಎನ್ನಲಿಲ್ಲ ಅವಳು. ಹೋಗು ಎಂದೂ ಹೇಳಲಿಲ್ಲ.

ಸರಕಾರದ ಪ್ರಯೋಗಾಲಯವೂ ಅದನ್ನೇ ಹೇಳಿತು. ಆ ಬ್ಯಾಚಿನ ಬಾಟಲಿಗಳನ್ನೆಲ್ಲ ಅಂಗಡಿಗಳಿಂದ ವಾಪಸು ತರಿಸಿದರು, ನಕಲಿ ಮಾಲು ತುಂಬುತ್ತಿದ್ದ ಗೋದಾಮು ಸಿಕ್ಕಿತು. ಅಣ್ಣನ ಮೇಲೆ ತಪ್ಪಿಲ್ಲ ಎಂದು ಬರೆದುಕೊಟ್ಟರು. ಇಂದು ಅಂಗೈಯಗಲದ ಯಂತ್ರ ಹಿಡಿದು ಅಧಿಕಾರಿಗಳು ಅಂಗಡಿ ಅಂಗಡಿ ಸುತ್ತುತ್ತಾರೆ. ಎಷ್ಟು ಮಕ್ಕಳು ಉಳಿದಿರಬಹುದು? ಲೆಕ್ಕ ಇಡುವುದು ಹೇಗೆ? ಉಳಿದವರಿಗೆ ತಾವು ಉಳಿದದ್ದು ಗೊತ್ತೇ ಇರುವುದಿಲ್ಲ. ನೀವು ಕೇಳಿದ ಉಪಯೋಗ ಇದು. ಇಲ್ಲಿಗೆ ನಿಲ್ಲಿಸಿದರೆ ಚಪ್ಪಾಳೆ ತಟ್ಟಲು ಅನುಕೂಲ, ನನಗೂ ಗೊತ್ತು.

ಆದರೆ ಅಣ್ಣ ಅಂಗಡಿಯ ಬಾಗಿಲು ಮತ್ತೆ ತೆರೆಯಲಿಲ್ಲ. ಅವನಿಗೆ ಸಕ್ಕರೆ ಕಾಯಿಲೆ ಇತ್ತು. ಒಂದು ದಿನ ಊಟದ ಮುಂದೆ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು, “ಇದರಲ್ಲಿ ಏನಿದೆ ಅಂತ ಯಾರಿಗೆ ಗೊತ್ತು?” ಎಂದು ತಟ್ಟೆಯ ಪಕ್ಕಕ್ಕಿಟ್ಟ. ಜನ್ಮವಿಡೀ ಮಾತ್ರೆ ಮಾರಿದ ಮನುಷ್ಯ! ನಾನು ಯಂತ್ರವನ್ನು ಮನೆಗೇ ತಂದೆ. ಪಾರದರ್ಶಕ ಪೊರೆಯಿದ್ದರೆ ಮಾತ್ರೆಯ ಪಟ್ಟಿ ಒಡೆಯಬೇಕಾಗಿಲ್ಲ, ಮೇಲಿಂದಲೇ ಬೆಳಕು ಬಿಡಬಹುದು. ದಿನಾ ಬೆಳಿಗ್ಗೆ ಅವನೆದುರಿಗೆ ಒಂದು ಮಾತ್ರೆ ಪರೀಕ್ಷಿಸಿ, “ಸರಿ ಇದೆ, ತಗೋ ಅಣ್ಣ” ಎನ್ನುತ್ತಿದ್ದೆ. ಆಗ ನುಂಗುತ್ತಿದ್ದ.

ಆಮೇಲೆ ಬೇರೆ ಊರಿನ ಅಧಿಕಾರಿಗಳಿಗೆ ಈ ಯಂತ್ರ ಕಲಿಸಿಕೊಡಲು ನನ್ನನ್ನು ಕರೆದರು. ಪಟ್ಟಿಗಳನ್ನೆಲ್ಲ ಪರೀಕ್ಷಿಸಿ, ಒಂದೊಂದು ಮಾತ್ರೆಯ ಮೇಲೂ ಪೆನ್ನಿನಿಂದ ಗುರುತು ಹಾಕಿ ಕೊಟ್ಟು ಹೋದೆ. ಫೋನು ಮಾಡಿದಾಗಲೆಲ್ಲ, “ಹ್ಞೂಂ, ತಗೊಂಡೆ” ಎನ್ನುತ್ತಿದ್ದ. ಕಾಲಿಗೆ ಚಪ್ಪಲಿ ಕಚ್ಚಿ ಗಾಯವಾದದ್ದನ್ನು ಹೇಳಲೇ ಇಲ್ಲ. ನಾನು ಮರಳಿ ಬರುವಾಗ ಗಾಯ ಕಪ್ಪಾಗಿತ್ತು. ಗುರುತು ಹಾಕಿದ ಪಟ್ಟಿಗಳು ಮೇಜಿನ ಖಾನೆಯಲ್ಲಿ ಇಟ್ಟಂತೆಯೇ ಇದ್ದವು.

ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿಸಿಕೊಂಡ, ಬೇಡವೆನ್ನಲು ತ್ರಾಣವಿರಲಿಲ್ಲ. ಮಾತ್ರೆಗೆ ಮಾತ್ರ ಬಾಯಿ ತೆರೆಯಲಿಲ್ಲ. ನಾನು ಬೇಡಿಕೊಂಡೆ, ಗದರಿದೆ. ದಾದಿಯೂ ಸೋತಳು. ಆಗ ಹೊಲಿಗೆಯಾಕೆ ಬಂದಳು. ಯಾರು ತಿಳಿಸಿದರೋ ಗೊತ್ತಿಲ್ಲ. ಮಂಚದ ಪಕ್ಕದಲ್ಲಿ ಕುಳಿತು, ದಾದಿಯ ಕೈಯಿಂದ ಮಾತ್ರೆ ಇಸಿದುಕೊಂಡಳು.

“ಅಣ್ಣ, ಅವತ್ತು ನಿಮ್ಮ ಕೈಯಿಂದ ನಾನು ನಂಬಿ ತಗೊಂಡೆ. ಇವತ್ತು ನನ್ನ ಕೈಯಿಂದ ನೀವು ತಗೊಳ್ಳಿ.”

ಅಣ್ಣ ಅವಳನ್ನೇ ನೋಡಿದ. ಬಾಯಿ ತೆರೆದ. ಅವಳು ಮಾತ್ರೆ ಇಟ್ಟು, ತಲೆ ಎತ್ತಿ ಹಿಡಿದು ನೀರು ಕುಡಿಸಿದಳು. ಯಂತ್ರ ನನ್ನ ಚೀಲದಲ್ಲೇ ಇತ್ತು. ಅವನು ಕೇಳಲಿಲ್ಲ, ನಾನೂ ತೆಗೆಯಲಿಲ್ಲ. ಆದರೆ ಗಾಯದ ವಿಷ ರಕ್ತಕ್ಕೆ ಏರಿಯಾಗಿತ್ತು. ಆ ವಾರ ಮುಗಿಯುವ ಮೊದಲೇ ಅಣ್ಣ ಹೋದ.

ಕ್ಷಮಿಸಿ. ಇದನ್ನು ಹೇಳಬೇಕೆಂದು ಬಂದಿರಲಿಲ್ಲ. ಕಣ್ಣಿನ ಪೊರೆ, ಹೊಗೆಯ ಎಚ್ಚರಿಕೆ ಗಂಟೆ, ಕುಡಿಯುವ ನೀರಿನ ಪರೀಕ್ಷೆ ಎಂದೆಲ್ಲ ಸಿದ್ಧಮಾಡಿಕೊಂಡು ಬಂದಿದ್ದೆ.

ಕೊನೆಯಲ್ಲಿ ಪ್ರಶ್ನೆಗಳಿಗೆ ಸಮಯವಿದೆ ಎಂದು ಸಂಘದ ಕಾರ್ಯದರ್ಶಿ ಹೇಳಿದ್ದಾರೆ. ಭೌತಶಾಸ್ತ್ರದ ಪ್ರಶ್ನೆ ಯಾವುದನ್ನಾದರೂ ಕೇಳಿ. ‘ಮೇಡಂ, ಆ ದಿನ ಅಣ್ಣನಿಗೆ ಸುಳ್ಳು ಹೇಳಬಹುದಿತ್ತಲ್ಲ?’ ಎಂದು ಮಾತ್ರ ಕೇಳಬೇಡಿ. ಹೇಳಿದ್ದರೆ ಅಣ್ಣ ಬಹುಶಃ ಇಂದು ಈ ಮೊದಲ ಸಾಲಿನಲ್ಲಿ ಕುಳಿತಿರುತ್ತಿದ್ದ. ಆ ತಾಯಿ ಮಾತ್ರ ಈಗಲೂ ದಿನಾ ರಸ್ತೆ ದಾಟಿ ಬಂದು, ನೀರು ಜಾಸ್ತಿಯಾಯಿತೇ ಎಂದು ಕೇಳುತ್ತಲೇ ಇರುತ್ತಿದ್ದಳು.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದಿರಿ. ನಿಂತೇ ಕೇಳಿದವರಿಗೆ ಒಂದು ಪಾಲು ಹೆಚ್ಚಿನ ಕೃತಜ್ಞತೆ. ನಮಸ್ಕಾರ.