ಏಳನೇ ಪೀಪಾಯಿಯ ಬಗ್ಗೆ ಹದದಣ್ಣ ಹೇಳಿದ್ದು

ಇಲ್ಲಿ ಸೇರಿರುವ ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಅತ್ತಿಗೆಗೆ, ಅವರ ಪಕ್ಕದಲ್ಲಿರುವ ಹದದಣ್ಣನ ಮಗಳಿಗೆ, ನಮ್ಮ ಬ್ರೂವರಿಯ ಯಜಮಾನರಿಗೆ, ಲ್ಯಾಬಿನ ಮೇಡಂ ಅವರಿಗೆ, ಬಾಟಲಿ ತುಂಬುವವರು, ಲಾರಿಗೆ ಏರಿಸುವವರು — ಎಲ್ಲರಿಗೂ. ಬಾಗಿಲಲ್ಲಿ ನಿಂತವರು ಒಳಗೆ ಬನ್ನಿ, ಜಾಗ ಇದೆ. ನಾನು ಎರಡು ಹಾಳೆ ಬರೆದುಕೊಂಡು ಬಂದಿದ್ದೆ. ಅದನ್ನು ಜೇಬಿನಲ್ಲೇ ಬಿಟ್ಟಿದ್ದೇನೆ. ಅದರಲ್ಲಿ ಬರೀ ಹೊಗಳಿಕೆ ಇದೆ, ಹೇಳಬೇಕಾದದ್ದು ಇಲ್ಲ.

ನಮ್ಮನ್ನು ಅಗಲಿದ ಹಿರಿಯರು ಈ ಬ್ರೂವರಿಯ ಮುಖ್ಯ ರುಚಿಗಾರರಾಗಿ ಮೂವತ್ತೊಂದು ವರ್ಷ ದುಡಿದರು. ನಮಗೆಲ್ಲ ಅವರು ಹದದಣ್ಣ. ಏನು ಕೇಳಿದರೂ "ಹದ ಬರ್ಲಿ ತಡಿಯೋ" ಎನ್ನುತ್ತಿದ್ದರು. ಪೀಪಾಯಿ ತೆರೆಯೋಣವೇ ಎಂದರೂ ಅದೇ, ಊಟಕ್ಕೆ ಏಳೋಣವೇ ಎಂದರೂ ಅದೇ. ಬಾಟಲಿ ವಿಭಾಗದವನೊಬ್ಬ ಮದುವೆಗೆ ರಜಾ ಕೇಳಿದಾಗಲೂ ಅದನ್ನೇ ಹೇಳಿ ಬೈಸಿಕೊಂಡಿದ್ದರು — ನಗಿ, ನಗಿ, ಪರವಾಗಿಲ್ಲ. ಅವರಿಗೂ ನಗು ಬಂದಿತ್ತು.

ನೆಂಟರಿಷ್ಟರು ದೂರದಿಂದ ಬಂದಿದ್ದೀರಿ, ನಿಮಗಾಗಿ ಎರಡು ಮಾತು. ನಾವು ಮಾಡುವುದು ಬೆಲ್ಜಿಯಂ ಕಡೆಯ ಫ್ಲೆಮಿಶ್ ರೀತಿಯ ಕೆಂಪು ಹುಳಿ ಏಲ್. ಬಿಯರೇ, ಆದರೆ ನೊರೆ ಊದಿ ಗಟಗಟ ಕುಡಿಯುವಂಥದ್ದಲ್ಲ. ಆಳೆತ್ತರದ ಓಕ್ ಪೀಪಾಯಿಗಳಲ್ಲಿ ಒಂದೂವರೆ ವರ್ಷ, ಎರಡು ವರ್ಷ ಸುಮ್ಮನೆ ಕೂತಿರುತ್ತದೆ. ಮರದೊಳಗೆ ಮನೆ ಮಾಡಿಕೊಂಡಿರುವ ಕಣ್ಣಿಗೆ ಕಾಣದ ಜೀವಿಗಳು ನಿಧಾನವಾಗಿ ಅದನ್ನು ಹುಳಿ ಮಾಡುತ್ತವೆ. ಆಮೇಲೆ ಹಳೆಯದಕ್ಕೆ ಹೊಸದನ್ನು ಬೆರೆಸಬೇಕು. ಎಷ್ಟಕ್ಕೆ ಎಷ್ಟು ಅಂತ ಹೇಳುವ ಯಂತ್ರ ಇಲ್ಲ — ನಾಲಿಗೆಯೇ ಹೇಳಬೇಕು. ನಮ್ಮಲ್ಲಿ ಅದು ಹದದಣ್ಣನ ನಾಲಿಗೆ.

ಇಪ್ಪತ್ತೆರಡು ವರ್ಷದ ಹಿಂದೆ ನಾನು ಪೀಪಾಯಿಗೆ ಕಬ್ಬಿಣದ ಪಟ್ಟಿ ಬಿಗಿಯುವ ಕೆಲಸಕ್ಕೆ ಸೇರಿದೆ. ಮೊದಲ ದಿನ ಅವರು ಒಂದು ಲೋಟ ಕೊಟ್ಟರು. ಕುಡಿದು ಮುಖ ಕಿವಿಚಿದೆ. ಕೆಟ್ಟುಹೋಗಿದೆ ಎಂದೆ. ಅವರು ಸಿಟ್ಟಾಗಲಿಲ್ಲ. "ಮೊದಲ್ನೇ ಗುಟುಕು ಜಗಳಕ್ಕೇ ಬರೋದು. ಇನ್ನೆರಡು ಕುಡಿದು ಆಮೇಲೆ ಹೇಳು" ಎಂದರು. ಎರಡನೆಯದರಲ್ಲಿ ಚೆರ್ರಿ ಹಣ್ಣು ಸಿಕ್ಕಿತು. ಮೂರನೆಯದರಲ್ಲಿ ಒಣದ್ರಾಕ್ಷಿಯ ಸಿಹಿ, ಅದರ ಬೆನ್ನಿಗೇ ಮರದ ಒಗರು. ಹುಳಿ ಎಲ್ಲೂ ಹೋಗಿರಲಿಲ್ಲ, ಆದರೆ ನಾಲಿಗೆಗೆ ಅದರ ಪರಿಚಯ ಆಗಿತ್ತು. ಸುತ್ತಿಗೆ ಹಿಡಿದವನನ್ನು ಹೀಗೆ ಲೋಟ ಹಿಡಿಯುವವನನ್ನಾಗಿ ಮಾಡಿದವರು ಅವರು. ಐದು ವರ್ಷವಾಗುವಷ್ಟರಲ್ಲಿ ನಾನು ಅವರ ಪಕ್ಕದ ಕುರ್ಚಿಯಲ್ಲಿದ್ದೆ.

ರುಚಿ ನೋಡುವ ಆ ಕೋಣೆಯಲ್ಲಿ ಅವರು ಯಾರ ಮುಲಾಜೂ ನೋಡುತ್ತಿರಲಿಲ್ಲ. ಒಂದು ದಿನ ಯಜಮಾನರು ಗಡ್ಡ ಹೆರೆದು ಘಮಘಮ ಅಂತ ಬಂದರು. ಹದದಣ್ಣ ಲೋಟ ಕೆಳಗಿಟ್ಟು, ಮುಖ ತೊಳೆದು ಬನ್ನಿ ಎಂದರು. ಯಜಮಾನರು ಹೋಗಿ ತೊಳೆದು ಬಂದರು — ಹೌದೋ ಅಲ್ಲವೋ, ಯಜಮಾನರೇ? ಎರಡು ಸಲ ತೊಳೆದು ಬಂದರು.

ಈಗ ನಾನು ಹೇಳಬೇಕಾದದ್ದು.

ಹುಳಿ ಏಲಿಗೆ ಒಂದು ಕೆಟ್ಟ ರೋಗ ಬರುತ್ತದೆ. ನಮ್ಮ ಕಸುಬಿನಲ್ಲಿ ಅದಕ್ಕೆ ಇಲಿವಾಸನೆ ಎನ್ನುತ್ತೇವೆ. ಮೂಗಿಗೆ ಹಿಡಿದರೆ ಗೊತ್ತಾಗುವುದಿಲ್ಲ. ನಾಲಿಗೆಯ ಮೇಲಿದ್ದಾಗಲೂ ಗೊತ್ತಾಗುವುದಿಲ್ಲ. ನುಂಗಿ, ಸ್ವಲ್ಪ ಹೊತ್ತು ಬಿಟ್ಟ ಮೇಲೆ ಬಾಯೊಳಗೆ ಇಲಿಗೂಡಿನ ವಾಸನೆ ಏಳುತ್ತದೆ. ಅದೂ ಎಲ್ಲರಿಗೂ ಅಲ್ಲ. ಕೆಲವರ ಬಾಯಿಗೆ ಅದು ಸಿಗುವುದೇ ಇಲ್ಲ, ಹುಟ್ಟಾ ಹಾಗೆ — ನನ್ನ ಬಾಯಿ ಅಂಥದ್ದು. ನನಗೆ ಅದು ಸಿಗುವುದಿಲ್ಲ ಎಂದು ಹದಿನೇಳು ವರ್ಷದಿಂದ ನನಗೆ ಗೊತ್ತು, ಹದದಣ್ಣನಿಗೆ ಗೊತ್ತು. ಇಬ್ಬರಿಗೆ ಮಾತ್ರ. ಗೊತ್ತಾದ ದಿನ ಅವರು ಹೇಳಿದ್ದು ಇಷ್ಟೇ: "ಅದೊಂದನ್ನ ನಾನು ನೋಡ್ಕೋತೀನಿ. ನೀನು ಬಾಯಿ ಬಿಡಬೇಡ." ಹದಿನೇಳು ವರ್ಷ ನನ್ನ ಪಾಲಿನದನ್ನೂ ಅವರೇ ಕುಡಿದು ನೋಡಿದರು. ಯಜಮಾನರೇ, ನಿಮಗೆ ಇದು ಹೊಸ ಸುದ್ದಿ. ಕ್ಷಮೆ ಆಮೇಲೆ ಕೇಳುತ್ತೇನೆ, ಮೊದಲು ಮುಗಿಸುತ್ತೇನೆ.

ಅವರಿಗೆ ಕಾಯಿಲೆ ಬಂತು. ಔಷಧಿ ಶುರುವಾಯಿತು. ಬಾಯೆಲ್ಲ ತುಕ್ಕು ತುಕ್ಕು ಎನ್ನುತ್ತಿದ್ದರು, ಅನ್ನವೂ ಸೇರುತ್ತಿರಲಿಲ್ಲ. ಆದರೂ ಒಂಬತ್ತು ವಾರದ ಹಿಂದೆ, ಏಳನೇ ಪೀಪಾಯಿ ರುಚಿ ನೋಡುವ ದಿನ, ಮಫ್ಲರ್ ಸುತ್ತಿಕೊಂಡು ಬಂದರು. ಮೇಜಿನ ಸುತ್ತ ನಾಲ್ಕು ಜನ — ಯಜಮಾನರು, ಮೇಡಂ, ಅವರು, ನಾನು. ಕುಡಿದರು. ಬೆರಳಲ್ಲಿ ಇಪ್ಪತ್ತು ಎಣಿಸಿದರು. ಆಮೇಲೆ, ಇಲಿ ಬಂದಿದೆ, ಇದನ್ನು ಚೆಲ್ಲಿಬಿಡಿ ಎಂದರು.

ಮೇಡಂ ತಮ್ಮ ರಿಪೋರ್ಟ್ ನೋಡಿದರು, ಅದರಲ್ಲಿ ಏನೂ ಇರಲಿಲ್ಲ. ಅದು ಆಗಷ್ಟೇ ಶುರುವಾಗಿತ್ತು, ಅವರೊಬ್ಬರನ್ನು ಬಿಟ್ಟು ಇನ್ನಾರಿಗೂ ಸಿಗುವಷ್ಟು ಬೆಳೆದಿರಲಿಲ್ಲ. ಯಜಮಾನರು ನನ್ನ ಮುಖ ನೋಡಿದರು. ಹದದಣ್ಣನೂ ನೋಡಿದರು. "ನುಂಗು. ಇಪ್ಪತ್ತು ಎಣಿಸು. ಆಮೇಲೆ ಮಾತಾಡು" ಎಂದರು. ನನಗೆ ಸಿಗುವುದಿಲ್ಲ ಎಂದು ಗೊತ್ತಿದ್ದೂ ಹೇಳಿದರು, ಯಾಕೆ ಗೊತ್ತೇ? ಇವನು ನನ್ನ ಮಾತಿಗೆ ಹೂಂ ಅನ್ನುತ್ತಾನೆ ಅಂತ ನಂಬಿದ್ದರು. ನಾನು ನುಂಗಿದೆ. ಎಂಟರವರೆಗೂ ಎಣಿಸಲಿಲ್ಲ.

"ಏನೂ ಇಲ್ಲಣ್ಣ. ಔಷಧಿ ನಿಮ್ಮ ಬಾಯಿ ಕೆಡಿಸಿದೆ" ಎಂದೆ.

ಅವರ ನಾಲಿಗೆ ಹೋಗಿದೆ ಎಂದು ನಾನು ನಿಜವಾಗಿ ನಂಬಿದ್ದೆನೋ, ನನ್ನ ಕೊರತೆ ಎಲ್ಲಿ ಹೊರಗೆ ಬೀಳುತ್ತದೋ ಎಂಬ ಹೆದರಿಕೆಯೋ — ಒಂಬತ್ತು ವಾರದಿಂದ ಯೋಚಿಸುತ್ತಿದ್ದೇನೆ, ಬಗೆಹರಿದಿಲ್ಲ. ಅವರು ಒಂದು ಮಾತು ಹೇಳಿದ್ದರೆ ಸಾಕಿತ್ತು. ಇವನಿಗೆ ಅದು ಸಿಗುವುದೇ ಇಲ್ಲ, ಇವನನ್ನೇನು ಕೇಳುತ್ತೀರಿ ಎಂದಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ನನ್ನ ಗುಟ್ಟು ಹೊಟ್ಟೆಗೆ ಹಾಕಿಕೊಂಡು ಎದ್ದರು, ಕೋಟು ತೊಟ್ಟುಕೊಂಡರು, ಹೋದರು. ಆ ಕೋಣೆಗೆ ಮತ್ತೆ ಬರಲಿಲ್ಲ.

ಮನೆಗೆ ನೋಡಲು ಹೋದಾಗ, ಅತ್ತಿಗೆ ಒಳಗೆ ಹೋದದ್ದೇ ತಡ, ಏಳನೆಯದು ಏನಾಯಿತು ಎಂದು ಕೇಳಿದರು. ಚೆಲ್ಲಿಬಿಟ್ಟೆವು ಎಂದೆ. ಸುಳ್ಳು. ಅದಾಗಲೇ ಬಾಟಲಿಗೆ ಇಳಿಯುತ್ತಿತ್ತು. ಅವರ ಮುಖ ಎಷ್ಟು ಹಗುರಾಯಿತು ಅಂತೀರಿ — ನಾವು ಅವರ ಮಾತು ಕೇಳಿದೆವು ಅಂದುಕೊಂಡರು. ಪೀಪಾಯಿ ಒಣಗಲು ಬಿಡಬೇಡ, ನೀರು ತುಂಬಿಸಿಡು ಎಂದರು. ಹನ್ನೊಂದು ದಿನಕ್ಕೆ ತೀರಿಕೊಂಡರು.

ಇಷ್ಟೇ ಆಗಿದ್ದರೆ ನಾನು ಬಹುಶಃ ಆ ಎರಡು ಹಾಳೆಯನ್ನೇ ಓದಿ ಕೂತುಬಿಡುತ್ತಿದ್ದೆ. ಅಷ್ಟು ಧೈರ್ಯದವನಲ್ಲ ನಾನು. ಆದರೆ ಮೊನ್ನೆ ಅವರ ಮಗಳು ಅಪ್ಪನ ಸಾಮಾನು ತೆಗೆದುಕೊಂಡು ಹೋಗಲು ಬಂದಿದ್ದಳು. ಏಳನೆಯದನ್ನು ತುಂಬಿಸಿ ಅವಳಪ್ಪನ ಫೋಟೋ ಹಾಕಿದ ಬಾಟಲಿ ತೆರೆದು ಒಂದು ಗುಟುಕು ಕೊಟ್ಟೆ. ಚೆನ್ನಾಗಿದೆ ಎಂದಳು. ಕಪಾಟಿನ ಬಾಗಿಲು ಮುಚ್ಚುತ್ತಿದ್ದವಳು ಹಾಗೇ ನಿಂತಳು, ಬಾಯಿಗೆ ಕೈ ಹಿಡಿದಳು. "ಮಾಮ, ಅಪ್ಪ ಹೇಳ್ತಿದ್ದ ಇಲಿವಾಸನೆ ಇದೇನಾ?"

ಆಗಲಾದರೂ ಹೌದು ಅನ್ನಬಹುದಿತ್ತಲ್ಲ? "ಇಲ್ಲಮ್ಮ, ದುಃಖದಲ್ಲಿ ಹಾಗೆ ಅನ್ಸತ್ತೆ" ಎಂದೆ. ಅಪ್ಪನಿಗೆ ಔಷಧಿ ಅಂದೆ, ಮಗಳಿಗೆ ದುಃಖ ಅಂದೆ. ಆ ಹುಡುಗಿ ತಲೆ ತಗ್ಗಿಸಿ, ಇರಬಹುದು ಎಂದಳು. ತನ್ನ ಬಾಯಿಯನ್ನೇ ನಂಬದೆ ಬಸ್ ಹತ್ತಿದಳು. ಅವತ್ತಿನಿಂದ ನನಗೆ ಊಟ ಇಳಿಯುತ್ತಿಲ್ಲ.

ಯಜಮಾನರು ಈಗಷ್ಟೇ ದೊಡ್ಡ ಮನಸ್ಸಿನಿಂದ, ಹದದಣ್ಣನ ಕುರ್ಚಿ ಇನ್ನು ಮುಂದೆ ನನ್ನದು ಎಂದು ಘೋಷಿಸಿದರು. ನನಗೆ ಬೇಡ. ಸುತ್ತಿಗೆ ಕೊಡಿ, ಅದರಲ್ಲಿ ನಾನು ಮೋಸ ಮಾಡಿಲ್ಲ. ಅವರ ನೆನಪಿಗೆಂದು ನಿಮ್ಮೆಲ್ಲರ ಮುಂದೆ ಇಟ್ಟಿರುವುದು ಅದೇ ಏಳನೇ ಪೀಪಾಯಿ. ಬರುವ ವಾರ ಅವರ ಫೋಟೋ ಹೊತ್ತು ಅಂಗಡಿಗೆ ಹೋಗಬೇಕಾದದ್ದು. ಅದು ಹೊರಗೆ ಹೋಗಬಾರದು, ಯಜಮಾನರೇ. ನನ್ನ ಮಾತು ನಂಬಬೇಡಿ — ನನ್ನ ಮಾತಿಗೆ ಇನ್ನು ಬೆಲೆ ಇಲ್ಲ. ಇಲ್ಲಿ ನೂರು ಜನರ ಬಾಯಿ ಇದೆ.

ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಮನಸ್ಸಿದ್ದವರು ಒಂದೇ ಒಂದು ಗುಟುಕು ತೆಗೆದುಕೊಳ್ಳಿ, ನುಂಗಿ, ಲೋಟ ಕೆಳಗಿಡಿ. ಆಮೇಲೆ ಒಂದು ನಿಮಿಷ ಮೌನ. ಅವತ್ತು ನಾನು ಅವರಿಗೆ ಕೊಡದೇ ಹೋದದ್ದು ಅದನ್ನೇ. ಬಾಯಲ್ಲಿ ಏನಾದರೂ ಎದ್ದರೆ ಮರ್ಯಾದೆಗೆಂದು ಮುಚ್ಚಿಡಬೇಡಿ, ಮುಖದಲ್ಲಿ ಕಾಣಲಿ. ನನಗಂತೂ ಏನೂ ಸಿಗುವುದಿಲ್ಲ, ನಾನು ನಿಮ್ಮ ಮುಖಗಳನ್ನು ನೋಡುತ್ತಾ ನಿಲ್ಲುತ್ತೇನೆ.

ನೀನು ಕುಡಿಯಬೇಡಮ್ಮ. ಇಲ್ಲಿ ಬಾ, ನನ್ನ ಪಕ್ಕ ನಿಂತುಕೊ. ಹೌದು, ಮೊನ್ನೆ ನಿನ್ನ ಬಾಯಿಗೆ ಸಿಕ್ಕಿದ್ದು ಅದೇ.