ಅತ್ತೆಯ ಹಲ್ಲು, ಅಳಿಯನ ಕಾರ್ಡು

ಕಟ್ಟುಹಲ್ಲಿನ ಸೆಟ್‌ಗೆ ಹದಿನೆಂಟು ಸಾವಿರ. ವಿಮೆಯವರು ಒಂದು ರೂಪಾಯಿಯನ್ನೂ ಕೊಡುವುದಿಲ್ಲವಂತೆ. ಕೊಪ್ಪದ ಹಲ್ಲಿನ ಡಾಕ್ಟರ ಬಾಗಿಲಲ್ಲಿ ದವಡೆ ಹಿಡಿದು ಕೂತಿದ್ದ ದಾಕ್ಷಾಯಿಣಿಗೆ ಪಕ್ಕದ ಬೆಂಚಿನ ಮಾತು ಬೇಡವೆಂದರೂ ಕೇಳಿಸುತ್ತಿತ್ತು. ತೋಟದ ಕೆಲಸಕ್ಕೆ ಹೋಗುವ, ಹತ್ತಿರದ ನಾರ್ವೆ ಹಳ್ಳಿಯ ಚಿಕ್ಕಕ್ಕನನ್ನು ಅವಳು ಬಲ್ಲಳು. ಜೊತೆಗಿದ್ದವನು ಅಳಿಯ ಹರೀಶ.

"ಎಂತ ಮಾರಾಯ್ರೆ, ಎಲ್ಲ ನಿಮ್ಮ ಕಂಪನಿಯ ವಿಮೆ ಕಾರ್ಡಲ್ಲೇ ಆಗ್ತದೆ ಅಂದಿದ್ರಲ್ಲ? ನಂಬಿಕೊಂಡು ಉಳಿದಿದ್ದ ಹಲ್ಲನ್ನೂ ಕೀಳಿಸ್ಕೊಂಡೆ."

"ತಪ್ಪು ನನ್ನದೇ ಅತ್ತೆ. ಹಲ್ಲಿಗೆ ಅದು ನಡೆಯಲ್ವಂತೆ. ಸರಿಯಾಗಿ ಕೇಳದೆ ಹಬ್ಬದ ದಿನ ಎಲ್ಲರೆದುರು ಜಂಬ ಕೊಚ್ಚಿದೆ. ದುಡ್ಡು ನಾನೇ ಕೊಡ್ತೇನೆ."

"ಬ್ಯಾಡ. ಕಂಪನಿ ದುಡ್ಡು ಅಂತ ನಾನು ಒಪ್ಪಿದ್ದು. ಅಳಿಯನ ಸಂಬಳದಲ್ಲಿ ಹಲ್ಲು ಕಟ್ಟಿಸ್ಕೊಂಡಳು ಅಂತ ಅನ್ನಿಸ್ಕೋಬೇಕಾ?"

"ಹಾಗಾದ್ರೆ ಇನ್ನು ಯಾವ ಮುಖ ಇಟ್ಕೊಂಡು ನಿಮ್ಮನೆಗೆ ಊಟಕ್ಕೆ ಬರಲಿ?"

"ಬನ್ನಿ, ಕೋಳಿ ಸಾರು ಮಾಡ್ತೇನೆ. ಅಗಿಯೋಕೆ ನಿಮಗೆ ಹಲ್ಲಿದ್ಯಲ್ಲ."

ಹರೀಶ ನಗಲಿಲ್ಲ; ತಲೆ ತಗ್ಗಿಸಿಕೊಂಡ. ಒಳಗಿನಿಂದ ಚಿಕ್ಕಕ್ಕನ ಹೆಸರು ಕೂಗಿದರು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಬಾಗಿಲಿನ ಕಡೆ ನಡೆದಳು. ಅವನು ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಹೋದ. ಇದ್ದ ಹಲ್ಲು ಹೋಗಿತ್ತು, ಹೊಸದು ಬರಲಿಲ್ಲ.